ಅಕ್ಕನ ನಗುವಿನೊಳಗಿನ ಚಟಚಟ

ನವೆಂಬರ್ ೧೨, ಬುಧವಾರ

ಆ ಚಟಚಟ ಸದ್ದು ಇವತ್ತೂ ತಲೆ ತಿಂದಿತು, ಇದು ಐದನೆಯ ದಿನ. ಗಂಟಲಿನ ಆಪರೇಷನ್‌ನಲ್ಲಿ ಅಕ್ಕನ ದನಿ ಹೋಗಿ ಏಳು ವರ್ಷವಾಯಿತು. ಅವಳ ಮಗಳಿಗೆ ಈಗ ಎಂಟು. ಅಮ್ಮನ ದನಿ ಅವಳಿಗೆ ನೆನಪೇ ಇಲ್ಲ. ಉಳಿದಿರುವುದು ಕಾಲೇಜಿನ ದಿನಗಳಲ್ಲಿ ನಾವಿಬ್ಬರೂ ಹರಟೆ ಹೊಡೆದು ತುಂಬಿಸಿದ ಒಂದೇ ಕ್ಯಾಸೆಟ್. ಟೇಪ್ ರೆಕಾರ್ಡರಿನಲ್ಲಿ ಚೆನ್ನಾಗಿಯೇ ಕೇಳುತ್ತದೆ. ಹೊರಗಿನ ಸದ್ದು ಒಳಬಿಡುವ ಲೈನ್-ಇನ್ ಕಿಂಡಿಗೆ ಕೇಬಲ್ ಸಿಕ್ಕಿಸಿ ನನ್ನ ಲಿನಕ್ಸ್ ಕಂಪ್ಯೂಟರಿಗೆ ಇಳಿಸಿದರೆ ಮಾತ್ರ ಒಣಸೌದೆ ಸಿಡಿದಂತಾಗುತ್ತದೆ.

ಕೇಬಲ್ ಬದಲಿಸಿದೆ. ಕಂಪ್ಯೂಟರಿನ ಸೌಂಡ್ ಕಾರ್ಡ್ ಕರೆಂಟು ಉಳಿಸಲೆಂದು ನಡುನಡುವೆ ನಿದ್ದೆಗೆ ಜಾರದಂತೆ ಸೆಟ್ಟಿಂಗ್ ತಿದ್ದಿದೆ. ಊಹೂಂ.

ಸಂಜೆ ಅಕ್ಕ ಬಂದು ಪಕ್ಕದಲ್ಲಿ ಕೂತು, ಸಾಕು ಬಿಡು ಎಂದು ಕೈಸನ್ನೆ ಮಾಡಿದಳು.

"ಬಿಡೋ ಜಾಯಮಾನ ನಂದಲ್ಲ ಕಣೇ, ಸುಮ್ನೆ ಕೇಳು" ಎಂದು ಮತ್ತೆ ಹಾಕಿದೆ.

ಎರಡು ಸಲ ಕೇಳಿ ಚೀಟಿಯಲ್ಲಿ ಬರೆದಳು: "ಮಾತು ಸರಿಯಾಗಿದೆ. ನಾನು ಜೋರಾಗಿ ನಕ್ಕಾಗ ಮಾತ್ರ ಸಿಡಿಯುತ್ತೆ."

ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ! ಜೋರು ದನಿಗೆ ಮಾತ್ರ ಸಿಡಿಯುವುದೆಂದರೆ ಒಳಬರುವ ಸದ್ದಿನ ಮಟ್ಟವೇ ಹೆಚ್ಚಾಗಿದೆ. ಕಂಪ್ಯೂಟರಿನಲ್ಲಿ ಸದ್ದಿನ ಮಟ್ಟ ಏರಿಸಿ ಇಳಿಸುವ ಮಿಕ್ಸರ್ ತೆರೆದರೆ, ಒಳಬರುವ ಸದ್ದನ್ನು ಹಿಗ್ಗಿಸುವ ಲೈನ್ ಬೂಸ್ಟ್ ತುತ್ತತುದಿಯಲ್ಲಿ ಕೂತಿತ್ತು. ಸೊನ್ನೆಗಿಳಿಸಿ ಟೇಪನ್ನು ಮತ್ತೆ ಹಾಕಿದೆ. ನಗು ತೊಳೆದಿಟ್ಟಂತೆ ಬಂತು.

ಒಳಕೋಣೆಯಿಂದ ಅಕ್ಕನ ಮಗಳು ಓಡಿಬಂದಳು. "ಚಿಕ್ಕಮ್ಮಾ, ಯಾರು ನಗ್ತಿರೋದು?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ತನ್ನ ಎದೆ ಮುಟ್ಟಿ ತೋರಿಸಿದಳು. ಹುಡುಗಿ ಅಮ್ಮನ ಮುಖವನ್ನೇ ನೋಡಿ, "ಇನ್ನೊಂದ್ಸಲ ನಗಮ್ಮಾ" ಎಂದಳು.

ನನ್ನ ಕೈಲಿ ಆರು ಸಲ ಟೇಪ್ ಹಿಂದಕ್ಕೆ ಸುತ್ತಿಸಿದಳು. ಈಗ ಕಣ್ಣು ಎಳೆಯುತ್ತಿದೆ. ಕ್ಯಾಸೆಟ್ಟಿನ ಇನ್ನೊಂದು ಮಗ್ಗುಲಲ್ಲಿ ಅಕ್ಕ ನನ್ನನ್ನು ಬೈದದ್ದೆಲ್ಲ ಇದೆ, ಅದನ್ನೂ ಒಂದಕ್ಷರ ಬಿಡದೆ ನಾಳೆ ಇಳಿಸಬೇಕು.