ಹಿಂದಿನ ಸೀಟಿನಿಂದ ಬಂದ ಮಾತು

ನನ್ನ ಅಕ್ಕಾರಿಗೆ,

ನಿಮ್ಮ ಟಂಟಂ ರಿಕ್ಷಾದ ದಾವಲಸಾಬನ ಸಲಾಂ. ಅಲ್ಲಿ ರಸ್ತೆ ಹೇಗಿದೆ? ಕೆರೂರ ದಾರಿಯಂತಿದ್ದರೆ ಸೊಂಟ ಹಿಡಿದುಕೊಂಡು ಕೂಡಿರಿ. ನಾನು ಕಲಿತದ್ದು ಐದನೇ ಇಯತ್ತೆ. ತಪ್ಪು ಕಂಡರೆ ನಕ್ಕುಬಿಡಿ.

ನೀವು ಬಾಗಲಕೋಟೆಯಲ್ಲಿ ಮೊದಲ ಸಲ ನನ್ನ ಗಾಡಿ ಹತ್ತಿದ್ದು ನೆನಪಿದೆಯೇ? "ಏನ್ರಿ ಅಕ್ಕಾರ, ಇಳಕಲ್‌ಗೆ ಸೀರಿ ಖರೀದಿಗೇನ್ರಿ?" ಎಂದೆ. "ಇಲ್ಲಣ್ಣ. ಲೈಂಗಿಕ ದೌರ್ಜನ್ಯ ಆದ ಮಕ್ಕಳಿಗೆ ಆಮ್ಯಾಲೆ ಎಂಥಾ ಆಸರ ಖರೇನ ಉಪಯೋಗ ಆಗ್ತೈತಿ, ಅದನ್ನ ಅಭ್ಯಾಸ ಮಾಡಾಕತ್ತೇನಿ" ಎಂದಿರಿ. ಕಮತಗಿ ಬರುವವರೆಗೆ ನನ್ನ ಬಾಯಿ ಬಂದ್. ಮನೆಗೆ ಹೋಗಿ ಹೇಳಿದರೆ ಹೆಂಡತಿ ನಂಬಲಿಲ್ಲ. "ನಿಮ್ಮ ಬಾಯಿ? ಬಂದ್? ದವಾಖಾನಿಗೆ ಹೋಗೂನು ನಡೀರಿ" ಎಂದಳು.

ಅಂಥ ಆಸರೆಗೆಂದು ನೀವು ವಾರವಾರ ನನ್ನ ಗಾಡಿಯಲ್ಲಿ ಇಳಕಲ್‌ಗೆ ಕರೆದೊಯ್ಯುತ್ತಿದ್ದ ಆ ಹುಡುಗಿ ಮೊದಲ ದಿನ ತಾಯಿಯ ಮಗ್ಗುಲಿಗೆ ಅಂಟಿಕೊಂಡು ಕೂತಿದ್ದಳು. ಹೆಸರು, ಊರು ಇಲ್ಲೂ ಬರೆಯುವುದಿಲ್ಲ, ಅದನ್ನು ಕಲಿಸಿದವರು ನೀವೇ. "ಮದಲ ಭಾರಿ ಚೇಷ್ಟಿ ಹುಡುಗಿರಿ ಇದು, ಈಗ ಮಾತ ಬಿಟ್ಟೈತಿ" ಎಂದಳು ತಾಯಿ. ನಾನು ಸುಮ್ಮನಿರುವ ಮನುಷ್ಯನೇ? ಎಮ್ಮೆ ಅಡ್ಡ ಬಂದಲ್ಲೆಲ್ಲ "ಗೌಡ್ರ, ಚೂರು ಸೈಡ್ ಕೊಡ್ರಿ" ಎಂದು ನನ್ನ ಹಳೇ ಜೋಕು ಹೊಡೆದೆ. ಅವಳು ಇನ್ನಷ್ಟು ಮುದುಡಿಕೊಂಡಳು. ಇಳಿದ ಮೇಲೆ ನೀವು ಮೆಲ್ಲಗೆ ಹೇಳಿದಿರಿ, "ದಾವಲಣ್ಣ, ಆಕಿ ನಗಬೇಕು ಅನ್ನೂ ಅವಸರ ನಮಗೈತಿ, ಆಕಿಗಿಲ್ಲ. ಗಾಡ್ಯಾಗ ಏನು ತ್ರಾಸ ಅಂತ ಆಕಿನ್ನ ಕೇಳೂನು."

ಮರುವಾರ ಕೇಳಿದಿರಿ. ಅವಳು ಬೆರಳು ಮಾಡಿ ನನ್ನ ಕನ್ನಡಿ ತೋರಿಸಿದಳು. ಹಿಂದೆ ಕೂತವರ ಮುಖ ನೋಡುತ್ತ ಮಾತಾಡಲೆಂದು ನಾನೇ ಹಾಕಿಸಿದ ಕನ್ನಡಿ! ಒಬ್ಬ ಗಂಡಸಿನ ಕಣ್ಣು ದಾರಿಯುದ್ದಕ್ಕೂ ತನ್ನ ಮೇಲೆಯೇ ಇದ್ದರೆ ಆ ಕೂಸಿಗೆ ಹೇಗಾಗಿರಬೇಡ... ಆಗಲೇ ಅದನ್ನು ಮೇಲಕ್ಕೆ, ಗಾಡಿಯ ಚಾವಣಿಯ ಟಪ್ಪಿನ ಕಡೆ ತಿರುಗಿಸಿದೆ.

ನಿಮ್ಮ ಕೆಲಸದ ರೀತಿ ನೋಡಿ ಬೆರಗಾಗುತ್ತಿದ್ದೆ. ಊರೆಲ್ಲ ಆ ಮಗುವಿಗೆ ಏನಾಯಿತು ಏನಾಯಿತು ಎಂದು ಕೇಳಿತ್ತು. ನೀವು ಒಂದು ಸಲವೂ ಕೇಳಲಿಲ್ಲ. ಎಲ್ಲಿ ಕೂಡುತ್ತೀ, ಪರದೆ ಬಿಡಲೋ ಎತ್ತಲೋ, ಇವತ್ತು ಬೇಡವೆಂದರೆ ತಿರುಗಿ ಹೋಗೋಣವೇ, ಇಂಥವನ್ನೇ ಕೇಳುತ್ತಿದ್ದಿರಿ. ಅವಳು ಬೇಡವೆಂದು ತಲೆಯಾಡಿಸಿದ ದಿನ ಹುನಗುಂದದ ಹತ್ತಿರದಿಂದ ನಿಜಕ್ಕೂ ತಿರುಗಿ ಬಂದೆವು! "ಅಕ್ಕಾರ, ಇದೂ ಔಷಧ ಏನ್ರಿ?" ಎಂದರೆ, "ಇನ್ನಾ ನನಗೂ ಗೊತ್ತಿಲ್ಲೋ. ಮಕ್ಕಳ ಹೇಳ್ಬೇಕು" ಎಂದಿರಿ. ಅಷ್ಟು ಓದಿದವರು ಗೊತ್ತಿಲ್ಲ ಎಂದು ಇಷ್ಟು ಸಲೀಸಾಗಿ ಹೇಳಿದ್ದನ್ನು ನಾನು ಎಲ್ಲೂ ಕಂಡಿಲ್ಲ.

ನೀವು ನಮ್ಮನ್ನೆಲ್ಲ ಬಿಟ್ಟು ಹೋಗುವ ಮುಂಚೆ, ಕೊನೆಯ ಸಲ ನಿಮ್ಮನ್ನು ದವಾಖಾನೆಯಲ್ಲಿ ನೋಡಲು ಬಂದಾಗ ಮೂಗಿಗೆ ನಳಿಕೆ ಇತ್ತು. ಆಗಲೂ ನಿಮ್ಮದು ಒಂದೇ ಪ್ರಶ್ನೆ. "ಆಕಿ ಏನರ ಅಂದಳೇನು?"

"ಇನ್ನಾ ಇಲ್ರಿ ಅಕ್ಕಾರ."

"ಅವಸರ ಮಾಡಬ್ಯಾಡ ಮತ್ತ."

ಸುಳ್ಳಾದರೂ ಹೂಂ ಎನ್ನಬೇಕಿತ್ತೇ? ನಿಮ್ಮ ಮುಂದೆ ಸುಳ್ಳು ಬಾಯಿಗೇ ಬರುತ್ತಿರಲಿಲ್ಲ.

ಈಗ ಕೇಳಿರಿ. ಅವಳು ಮತ್ತೆ ಶಾಲೆಗೆ ಹೋಗುತ್ತಾಳೆ, ತಾಯಿ ಜೊತೆಗಿರುತ್ತಾಳೆ, ಗಾಡಿ ನನ್ನದೇ. ಮೊನ್ನೆ ಏರಿನಲ್ಲಿ ಗಾಡಿ ಏದುಸಿರು ಬಿಡುತ್ತಿತ್ತು. ಹಿಂದಿನಿಂದ ಒಂದು ಪುಟ್ಟ ಕೈ ಬಂದು ಕನ್ನಡಿಯನ್ನು ಟಪ್ಪಿನಿಂದ ಕೆಳಗೆ ತಿರುಗಿಸಿತು. ಅದರಲ್ಲಿ ಅವಳ ಮುಖ, ಅವಳ ಹಿಂದೆ ರಸ್ತೆ, ರಸ್ತೆಯ ಮೇಲೊಂದು ಎಮ್ಮೆ.

"ಕಾಕಾ, ಹಿಂದ ನೋಡು. ಗೌಡ್ರು ಆವಾಗಿಂದ ಹಾರ್ನ್ ಹೊಡ್ಯಾಕತ್ತಾರ. ಚೂರು ಸೈಡ್ ಕೊಡು."

ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಏನು ಮಾಡಿದೆ ಗೊತ್ತೇ ಅಕ್ಕಾರ? ಇಂಡಿಕೇಟರ್ ಹಾಕಿ, ಗಾಡಿ ಎಡಕ್ಕೆ ತೆಗೆದು, ಎಮ್ಮೆಗೆ ಸೈಡ್ ಕೊಟ್ಟೆ.