ಅಳಿಸದೆ ಬಿಟ್ಟ ಸಾಲು

ಆಗಸ್ಟ್ 29, ಶುಕ್ರವಾರ

ಇವತ್ತು ಇಪ್ಪತ್ತಾರು ಹೊಟ್ಟೆ ಸ್ಕ್ಯಾನ್ ಮಾಡಿದೆ. ಬಲಗೈ ಮಣಿಕಟ್ಟು ಎತ್ತಲಾಗುತ್ತಿಲ್ಲ. ನಮ್ಮ ಜಮಖಂಡಿ ಬಿಟ್ಟರೆ ಬೇರೆ ಸ್ಕ್ಯಾನಿಂಗ್ ಸೆಂಟರೇ ಇಲ್ಲವೇನೋ ಅನ್ನುವಂತೆ ಬೀಳಗಿ, ಮುಧೋಳದಿಂದಲೂ ಬರುತ್ತಾರೆ.

ತೇರದಾಳದ ಇಂದ್ರವ್ವ, ಐವತ್ತೆಂಟು, ಕೆಳಹೊಟ್ಟೆ ಭಾರ. ಸ್ಕ್ಯಾನಿಗೆ ಮೂತ್ರಕೋಶ ತುಂಬಿರಬೇಕಿತ್ತು, ಪೂರ್ತಿ ಖಾಲಿ. ಜೈನರ ದಶಲಕ್ಷಣ ಪರ್ವ. ಹತ್ತು ದಿನ, ದಿನಕ್ಕೊಂದೇ ಊಟ, ನೀರೂ ಆ ಊಟದ ಹೊತ್ತಿಗೆ ಮಾತ್ರ. "ಬಸದಿಯೊಳಗ ನೇಮ ತಗೊಂಡೇನ್ರಿ, ಮುರಿಯಾಕ ಆಗಾಂಗಿಲ್ಲ" ಅಂದರು. ಒಳಗಿನಿಂದ ಮಾಡುವ ಸ್ಕ್ಯಾನೂ ಬೇಡವೆಂದರು. ಗ್ಯಾಸ್ ಬಿಟ್ಟು ಏನೂ ಕಾಣಲಿಲ್ಲ. ಹೊರಗೆ ಹನ್ನೊಂದು ಜನ ಕಾಯುತ್ತಿದ್ದರು... ಬೇಗ ರಿಪೋರ್ಟ್ ಕೊಟ್ಟು ಕಳಿಸಿದೆ.

ಆಗಸ್ಟ್ 30

ಬೇರೊಬ್ಬರ ರಿಪೋರ್ಟ್ ಹುಡುಕುವಾಗ ಇಂದ್ರವ್ವನದು ಕಣ್ಣಿಗೆ ಬಿತ್ತು. 'ಎರಡೂ ಅಂಡಾಶಯ ನಾರ್ಮಲ್.' ಅವು ನನಗೆ ಕಂಡೇ ಇರಲಿಲ್ಲ. ನಮ್ಮಲ್ಲಿ ಎಲ್ಲ ಸಾಲೂ ಮೊದಲೇ ಟೈಪ್ ಆಗಿರುತ್ತವೆ. ಕಾಣದ್ದನ್ನು ಅಳಿಸಬೇಕು. ಅಳಿಸಿಲ್ಲ. ಕೆಳಗೆ ನನ್ನದೇ ಸಹಿ.

ಸೆಪ್ಟೆಂಬರ್ 2

ಧೈರ್ಯ ಮಾಡಲು ಮೂರು ದಿನ ಬೇಕಾಯಿತು. ಫೋನ್ ಎತ್ತಿದ್ದು ಇಂದ್ರವ್ವನ ಸೊಸೆ ಕ್ಷಮಾ. ನಾರ್ಮಲ್ ಬಂತೆಂದು ಅತ್ತೆ ಓಣಿಗೆಲ್ಲ ಹೇಳಿದ್ದಾರಂತೆ. ಮತ್ತೆ ಯಾಕೆ ಬರಬೇಕು ಅಂದಳು. ಮಷಿನ್ ಕೆಟ್ಟಿತ್ತು, ಪರ್ವ ಮುಗಿದ ಮೇಲೆ ಕರೆದುಕೊಂಡು ಬಾ ಅಂದುಬಿಟ್ಟೆ. ಮಷಿನ್ ಗುಂಡುಕಲ್ಲಿನಂತಿದೆ. ಹೇಡಿ ನಾನು.

ಸೆಪ್ಟೆಂಬರ್ 6

ನಾಳೆ ಪಾರಣೆ, ಇಂದ್ರವ್ವ ಉಪವಾಸ ಬಿಡುವ ದಿನ. ನೇಮ ಅವರದು, ಊಟ ಸೇರದಿರುವುದು ನನಗೆ. ಏನೂ ಇರಲಿಕ್ಕಿಲ್ಲ. ಇದ್ದರೆ?

ಸೆಪ್ಟೆಂಬರ್ 8, ಸಂಜೆ

ಬಂದರು. ನೀರು ಕುಡಿಸಿ ಒಂದು ತಾಸು ಕೂರಿಸಿದೆವು.

ಎಡ ಅಂಡಾಶಯದಲ್ಲಿ ಗಡ್ಡೆ. ಏಳು ಸೆಂಟಿಮೀಟರ್. ಹೊಟ್ಟೆಯಲ್ಲಿ ಸ್ವಲ್ಪ ನೀರೂ ಸೇರಿದೆ. ಒಳ್ಳೆಯ ಲಕ್ಷಣವಲ್ಲ, ಕ್ಯಾನ್ಸರ್ ಇರಬಹುದು. ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು, ಈ ವಾರವೇ ಎಂದೆ.

"ಹತ್ತ ದಿನದಾಗ ಬಂತೇನ್ರಿ ಇದು?" ಕ್ಷಮಾ ಕೇಳಿದಳು.

ಹೂಂ ಅಂದಿದ್ದರೆ ಮುಗಿಯುತ್ತಿತ್ತು.

"ಇಲ್ಲ. ಆವತ್ತೂ ಇದ್ದಿರಬೇಕು. ಮಷಿನ್ ಛಲೋನ ಇತ್ತು. ನನಗ ಕಾಣಲಿಲ್ಲ, ಆದ್ರೂ ನಾರ್ಮಲ್ ಅಂತ ಕೊಟ್ಟೆ."

ಕ್ಷಮಾ ಅಂದದ್ದನ್ನೆಲ್ಲ ಬರೆಯಲಾರೆ. ಒಂದೂ ಸುಳ್ಳಲ್ಲ. ಇಂದ್ರವ್ವ ಅವಳನ್ನು ಹೊರಗೆ ಕಳಿಸಿದರು. ಬಯ್ಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಅವರು ನನ್ನ ಕೈ ಹಿಡಿದರು, ಜೆಲ್ ಹತ್ತಿದ ಕೈಯನ್ನೇ.

"ಹಂಗಾರ ನೀವು ಖರೆ ಹೇಳಾವ್ರು. ಹೇಳ್ರಿ ಡಾಕ್ಟರ್ ಬಾಯಾರ, ನನಗ ಇನ್ನ ಎಷ್ಟ ದಿನ ಅದಾವ?"