ಅಮ್ಮನ ಮುಖದ ಹಳದಿ

ಜೂನ್ 3, ಮಂಗಳವಾರ

ಸಮಸ್ತ ಸರಸ್ವತಿಪುರಂ ನಾಗರಿಕರ ಗಮನಕ್ಕೆ: ನಮ್ಮ ಹಾಲ್‌ನ ಹಸಿರು ಟ್ಯೂಬ್‌ಲೈಟ್ ಇಂದು ಬೆಳಿಗ್ಗೆ ಅಧಿಕಾರದಿಂದ ಕೆಳಗಿಳಿಯಿತು. ಬಿಳಿ ಬಲ್ಬ್ ಪದಗ್ರಹಣ ಮಾಡಿತು. ಸ್ಟೂಲು ಹಿಡಿದಿದ್ದ ಅಪ್ಪನೇ ಮುಖ್ಯ ಅತಿಥಿ. ಹಾರ ತುರಾಯಿ ಇಲ್ಲ.

ಬೆಳಕು ಸರಿಯಿಲ್ಲದಿದ್ದರೆ ಬಣ್ಣ ತಿದ್ದುವವಳ ಕಣ್ಣು ಮೋಸ ಹೋಗುತ್ತದೆ. ನನ್ನ ಹೊಟ್ಟೆಪಾಡು ಅದೇ. ಸ್ಟುಡಿಯೋದವರು ಮದುವೆ ಫೋಟೋ ಕಳಿಸುತ್ತಾರೆ. ಮುಖಗಳ ಮೇಲೆ ಬಿದ್ದ ಶಾಮಿಯಾನದ ಬಣ್ಣ ಇಳಿಸಿ ವಾಪಸ್ ಕಳಿಸುತ್ತೇನೆ. ಇವತ್ತಿನದು ಬನ್ನಿಮಂಟಪದ ಮದುವೆ, ಗುಲಾಬಿ ಶಾಮಿಯಾನ. ಬೀಗರೆಲ್ಲ ಬೀಟ್‌ರೂಟ್ ಪಲ್ಯ.

ಅಪ್ಪ ಹಿಂದೆ ನಿಂತು, "ಅಲ್ಲ ಕಣವ್ವ, ದೇವ್ರು ಕೊಟ್ಟ ಬಣ್ಣ ತಿದ್ದಕ್ಕೆ ನಿಂಗ್ಯಾರು ಪರ್ಮಿಶನ್ ಕೊಟ್ಟೋರು?"

"ದೇವ್ರದಲ್ಲ ಅಪ್ಪ, ಶಾಮಿಯಾನದೋರದು."

ಅಮ್ಮ ದಿನದಂತೆ ಸ್ನಾನ ಮುಗಿಸಿ, ಕೆನ್ನೆಗೆ ಅರಿಶಿನ ತಿಕ್ಕಿಕೊಂಡು ಬಂದಳು. "ಅಪ್ಪ ಮಗಳ ಪಂಚಾಯ್ತಿ ಸಾಕು, ಇಡ್ಲಿ ಆರೋಯ್ತದೆ."

ಜೂನ್ 14, ಶನಿವಾರ

ಅಪ್ಪ ಇಲ್ಲ. ಸೋಮವಾರ ಬೆಳಿಗ್ಗೆ, ವಾಕಿಂಗ್ ಮುಗಿಸಿ ಬಂದು, ಷೂ ಬಿಚ್ಚುತ್ತ…

ಗೋಡೆಗೆ ಫೋಟೋ ಬೇಕು. ಅಪ್ಪ ಬಾಯ್ತುಂಬ ನಕ್ಕಿರುವುದು ಒಂದೇ ಕಡೆ — ಈ ಮನೆಯ ಗೃಹಪ್ರವೇಶದಲ್ಲಿ, ಅಮ್ಮನ ಪಕ್ಕ. ಹಳದಿ ಶಾಮಿಯಾನ. ಇಬ್ಬರಿಗೂ ಕಾಮಾಲೆ ಹಿಡಿದಂತಿತ್ತು. ಇದೇ ನಿಜವಾದ ಬಿಳಿ ಎಂದು ಕಂಪ್ಯೂಟರಿಗೆ ತೋರಿಸಲು ಅಪ್ಪನ ಪಂಚೆಯ ಮೇಲೆ ಕ್ಲಿಕ್ ಮಾಡಿದೆ. ಶಾಮಿಯಾನ ಇಳಿಯಿತು, ಅಪ್ಪ ಅಪ್ಪನಾದರು. ಅಮ್ಮನ ಕೆನ್ನೆಯಲ್ಲಿ ಮಾತ್ರ ಇನ್ನೂ ಹಳದಿ. ಅಭ್ಯಾಸದ ಕೈ, ಅದನ್ನೂ ಇಳಿಸಿತು. ಹೋಯಿತು. ಸೇವ್. ಪ್ರಿಂಟಿಗೆ ಕಳಿಸಿದೆ.

ಅಳು ಬರಲಿಲ್ಲ. ಕೆಲಸ ಚೆನ್ನಾಗಿ ಬಂತು.

ಜೂನ್ 19, ಗುರುವಾರ, ಸಂಜೆ

ಅಪ್ಪನ ತಿಥಿ. ಮೊದಲು ಅಮ್ಮನಿಗೆ ಹೂ ಮುಡಿಸಿ, ಕೈತುಂಬ ಬಳೆ ತೊಡಿಸಿ, ಮುಖದ ತುಂಬ ಅರಿಶಿನ ಹಚ್ಚಿದರು — ತೆಗೆಯಲು ಏನಾದರೂ ಇರಬೇಕಲ್ಲ! ಆಮೇಲೆ ಒಂದೊಂದಾಗಿ ತೆಗೆದರು. ಒರೆಸಿದ್ದು ಅಪ್ಪನ ಅಕ್ಕ, ಪಾರ್ವತಮ್ಮತ್ತೆ.

"ಬೇಡ ಅತ್ತೆ" ಅಂದೆ.

"ನಾನ್ ಮಾಡಿದ್ದಾ ಇದು? ಹಿಂದ್ಲಿಂದ ಬಂದಿರೋದು ಕಣವ್ವ. ಸುಮ್ಕಿರು."

ಪಕ್ಕಕ್ಕೆ ಸರಿದೆ. ಸೇರಿದ್ದವರಲ್ಲಿ ಡಿಗ್ರಿಗಳಿಗೇನೂ ಬರ ಇರಲಿಲ್ಲ, ನನ್ನದೂ ಸೇರಿ.

ಜೂನ್ 20, ಶುಕ್ರವಾರ

ಫ್ರೇಮ್ ಬಂತು. ಅಮ್ಮ ಅಪ್ಪನನ್ನು ನೋಡಲಿಲ್ಲ. ತನ್ನನ್ನು ನೋಡಿಕೊಂಡಳು. ಕನ್ನಡಕ ಹಾಕಿಕೊಂಡು ಇನ್ನೊಂದು ಸಲ.

"ಬಿಂದು, ನನ್ನ ಅರಿಶಿನ ಎಲ್ಲವ್ವ?"

"ಅದು… ಲೈಟಿಂದು ಅಂದ್ಕೊಂಡೆ ಅಮ್ಮ."

"ಅವ್ರು ಎಲ್ರ ಮುಂದೆ ಒರ್ಸುದ್ರು. ಓಗ್ಲಿ, ಫೋಟೋದಲ್ಲಾದ್ರೂ ಇರ್ತದೆ ಅಂದ್ಕೊಂಡಿದ್ದೆ ಕಣೆ. ಅಲ್ಲೂ ಒರೆಸ್ಬುಟ್ಯಾ?"

ಅತ್ತೆ ಒದ್ದೆ ಬಟ್ಟೆಯಲ್ಲಿ ಒರೆಸಿದರು, ನಾನು ಮೌಸಿನಲ್ಲಿ. ಫಿನಿಶಿಂಗ್ ನನ್ನದೇ ಚೆನ್ನಾಗಿದೆ.

ಜೂನ್ 21, ಶನಿವಾರ

ಮೂಲ ಫೈಲಿನ ಮೇಲೇ ಸೇವ್ ಮಾಡಿದ್ದೇನೆ. ಊರವರ ಬೀಗರಿಗೆಲ್ಲ ಎರಡೆರಡು ಬ್ಯಾಕಪ್. ಹೆತ್ತವರಿಗೆ ಒಂದೂ ಇಲ್ಲ. ಫೋಟೋ ತೆಗೆದ ಸ್ಟುಡಿಯೋ ಮುಚ್ಚಿದೆ.

ಕಂಪ್ಯೂಟರಿನ ಬ್ರಷ್‌ನಲ್ಲೇ ಕೆನ್ನೆಗೆ ಹಳದಿ ಹಚ್ಚಿ ಅಮ್ಮನಿಗೆ ತೋರಿಸಿದೆ.

"ಗೋಡೆಗೆ ಬಳ್ದಂಗದೆ" ಅಂದಳು. "ಕಿವಿ ಹತ್ರ ತೆಳ್ಳಗೆ ಹಚ್ತಿದ್ದೆ. ಗದ್ದದ ಕೆಳಗೆ ಜಾಸ್ತಿ. ನೀನು ನೋಡೇ ಇಲ್ವಾ?"

ದಿನಾ ಮುಖ ನೋಡುವುದೇ ಕಸುಬು. ಇಲ್ಲ, ನೋಡಿರಲಿಲ್ಲ.

ಸಿಟ್ಟಿಗೆ ಅರಿಶಿನದ ಬಟ್ಟಲನ್ನೇ ತಂದು ಮುಂದಿಟ್ಟೆ. "ಹಚ್ಕೋ ಅಮ್ಮ. ಯಾರು ಏನಂತಾರೋ ನಾನು ನೋಡ್ತೀನಿ."

"ನೀನು ಕಂಪ್ಯೂಟರ್ ಮುಂದೆ ಕೂತಿರ್ತೀಯ. ಬೀದೀಲಿ ತಲೆ ಎತ್ಕೊಂಡು ಓಡಾಡ್ಬೇಕಾದೋಳು ನಾನು." ಬಟ್ಟಲು ಒಳಗಿಟ್ಟು ಬಂದಳು. ಫ್ರೇಮನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದಾಳೆ. ಅಪ್ಪನೂ ಅದರ ಜೊತೆ.

ಜೂನ್ 22, ಭಾನುವಾರ

ನೆಂಟರ ವಾಟ್ಸಾಪ್ ಗ್ರೂಪಿಗೆ ಹಾಕಬೇಕು. ಇಲ್ಲಿ ಒಮ್ಮೆ ಬರೆದು ನೋಡುತ್ತೇನೆ —

ನಮ್ಮ ಗೃಹಪ್ರವೇಶಕ್ಕೆ ಬಂದಿದ್ದವರಲ್ಲಿ ಒಂದು ಕೋರಿಕೆ. ನಿಮ್ಮ ಹಳೆಯ ಫೋನಿನಲ್ಲಿ ಆ ದಿನದ ಅಮ್ಮ ಇದ್ದರೆ — ಪಾಯಸ ಬಡಿಸುತ್ತಿದ್ದರೂ ಆಯಿತು, ಯಾರದೋ ಹೆಗಲ ಹಿಂದೆ ಅರ್ಧ ಮುಖವಾದರೂ ಆಯಿತು — ಕಳಿಸಿ. ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಕ್ವಾಲಿಟಿ ಹೋಗುತ್ತದೆ. ಮುಖ ತುಂಬ ಹಳದಿ ಕಂಡರೆ ದಯವಿಟ್ಟು ಏನೂ ತಿದ್ದದೆ ಹಾಗೇ ಕಳಿಸಿ.